ಮೊದಲು ಹಾಲ್ ಅಳೆಯಿರಿ, ಆಮೇಲೆ ಗೇಮ್ ಕೊಳ್ಳಿ

ಕೈ ಬೀಸಿ, ಮೈ ಬಗ್ಗಿಸಿ ಆಡುವ ವಿಡಿಯೊ ಗೇಮ್ ತೆಗೆದುಕೊಳ್ಳಬೇಕು, ಯಾವುದು ಒಳ್ಳೆಯದು ಎಂದು ಯಾರಾದರೂ ಕೇಳಿದರೆ ನಾನು ಹಣದ ವಿಚಾರ ಎತ್ತುವುದಿಲ್ಲ. ನಿಮ್ಮ ಟಿವಿಗೂ ಸೋಫಾಕ್ಕೂ ನಡುವೆ ಎಷ್ಟು ಅಡಿ ಜಾಗವಿದೆ ಎಂದು ಕೇಳುತ್ತೇನೆ. "ಬೇಕಾದಷ್ಟಿದೆ ಸಾರ್" ಎಂಬ ಉತ್ತರ ಬರುತ್ತದೆ. ಬೇಕಾದಷ್ಟು ಎಂಬ ಗುರುತು ಯಾವ ಟೇಪಿನ ಮೇಲೂ ಇಲ್ಲ.

ಜಾಲಹಳ್ಳಿ ಕಡೆಯ ಕಾರ್ಖಾನೆಯೊಂದರಲ್ಲಿ ಅಳತೆ ಉಪಕರಣಗಳ ವಿಭಾಗದಲ್ಲಿ ದುಡಿದು ನಿವೃತ್ತನಾದವನು ನಾನು. ಸುಮ್ಮನಿರಲಾರದ ಕೈ ಮೊಮ್ಮಕ್ಕಳ ಆಟದ ಯಂತ್ರಗಳ ಕಡೆ ತಿರುಗಿತು. ನೆಂಟರು, ನಮ್ಮ ಬೀದಿಯವರು, ಅವರ ಪರಿಚಯದವರು ಹೀಗೆ ಎಲ್ಲರಿಗೂ ಅದೇ ಮಾತನ್ನು ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಈಗ ಬರೆದಿಡುತ್ತಿದ್ದೇನೆ.

ಯಾವುದು ಒಳ್ಳೆಯದು ಎಂಬ ಪ್ರಶ್ನೆಯೇ ಸರಿಯಿಲ್ಲ. ಹೊರಗಿನಿಂದ ಎಲ್ಲವೂ ಒಂದೇ ಕೆಲಸ ಮಾಡುವಂತೆ ಕಂಡರೂ ಒಂದೊಂದು ಯಂತ್ರ ನೋಡುವುದು ಒಂದೊಂದನ್ನು. ನಿಂಟೆಂಡೊ ವೀ ನಿಮ್ಮ ಕೈಯ ಬೀಸನ್ನು ನೋಡುತ್ತದೆ. ಸೋನಿಯ ಮೂವ್ ಒಂದು ಬಣ್ಣದ ಗುಂಡನ್ನು ನೋಡುತ್ತದೆ. ಮೈಕ್ರೋಸಾಫ್ಟಿನ ಕಿನೆಕ್ಟ್ ಇಡೀ ಮೈಯನ್ನು ನೋಡುತ್ತದೆ. ನಿಂಟೆಂಡೊದ್ದೇ ಆದ ಸ್ವಿಚ್ ಎಂಬ ಯಂತ್ರ ಕೈಯ ತಿರುವನ್ನು ನೋಡುತ್ತದೆ. ಕಣ್ಣನ್ನು ಪೂರ್ತಿ ಮುಚ್ಚಿ ಒಳಗಿನ ಪರದೆಯಲ್ಲೇ ಆಟ ತೋರಿಸುವ, ತಲೆಗೆ ಕಟ್ಟಿಕೊಳ್ಳುವ ಕ್ವೆಸ್ಟ್ ನಿಮ್ಮ ತಲೆಯ ಮೇಲೆ ಕುಳಿತು ಕೋಣೆಯನ್ನೇ ನೋಡುತ್ತದೆ. ಯಾವುದಕ್ಕೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂಬುದು ತಿಳಿದರೆ ನಿಮ್ಮ ಮನೆಗೆ ಯಾವುದು ಹೊಂದುತ್ತದೆ ಎಂಬುದು ತಾನಾಗಿ ಗೊತ್ತಾಗುತ್ತದೆ.

ಟೇಪ್ ತೆಗೆಯಿರಿ

20-30ರ ಸೈಟಿನಲ್ಲಿ ಕಟ್ಟಿದ ಮನೆಯ ಹಾಲ್ ಸುಮಾರು 11 ಅಡಿ ಉದ್ದವಿದೆ ಎಂದಿಟ್ಟುಕೊಳ್ಳಿ. ಟಿವಿ ಸ್ಟ್ಯಾಂಡ್ ಒಂದೂವರೆ ಅಡಿ ನುಂಗುತ್ತದೆ, ಸೋಫಾ 3 ಅಡಿ ನುಂಗುತ್ತದೆ. ಉಳಿಯುವುದು ಆರೂವರೆ ಅಡಿ, ಅದೂ ಟೀಪಾಯಿಯನ್ನು ಎತ್ತಿ ಒಳಗಿಟ್ಟರೆ. ಈ ಆರೂವರೆಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ. 30-40ರ ಮನೆಯವರು ಸ್ವಲ್ಪ ಪುಣ್ಯವಂತರು. ಆದರೆ ಅವರ ಮನೆಯಲ್ಲಿ ಸೋಫಾ ಕೂಡ ದೊಡ್ಡದಾಗಿರುತ್ತದೆ, ದಿವಾನವೂ ಇರುತ್ತದೆ, ಲೆಕ್ಕ ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತದೆ.

ಆಮೇಲೆ ಅಡ್ಡ ಅಳತೆ. ನಡುವೆ ನಿಂತು ಎರಡೂ ಕೈಗಳನ್ನು ಚಾಚಿ, ಒಂದು ಕೈಯಲ್ಲಿ ರಿಮೋಟ್ ಹಿಡಿದು ನಿಧಾನವಾಗಿ ಸುತ್ತು ತಿರುಗಿ. ಗೋಡೆ, ಶೋಕೇಸಿನ ಗಾಜು, ಬಾಗಿಲ ಚಿಲಕ ಯಾವುದೂ ತಾಗಬಾರದು. ಇಬ್ಬರು ಆಡುವವರಿದ್ದರೆ ಇಬ್ಬರೂ ಅಕ್ಕಪಕ್ಕ ನಿಂತು ಇದನ್ನೇ ಮಾಡಿ.

ಮೂರನೆಯದು ಫ್ಯಾನು. ಇದನ್ನು ಯಾರೂ ಅಳೆಯುವುದಿಲ್ಲ. 10 ಅಡಿ ಎತ್ತರದ ಸೂರಿನಿಂದ ಒಂದೂವರೆ ಅಡಿ ಕೆಳಗೆ ಫ್ಯಾನಿನ ರೆಕ್ಕೆ ತಿರುಗುತ್ತಿರುತ್ತದೆ, ಅಂದರೆ ಎಂಟೂವರೆ ಅಡಿ. ಐದೂಮುಕ್ಕಾಲು ಅಡಿ ಎತ್ತರದ ಹುಡುಗ ಕೈ ಎತ್ತಿದರೆ ಏಳು ಅಡಿ ದಾಟುತ್ತಾನೆ, ಸ್ಮ್ಯಾಶ್ ಹೊಡೆಯಲು ಹಾರಿದರೆ ಮಿಕ್ಕದ್ದೂ ತೀರುತ್ತದೆ. ಬೆಂಗಳೂರಿನ ಹವೆಯಲ್ಲಿ ಆಡುವಾಗ ಫ್ಯಾನ್ ಆರಿಸುವುದು ಅಂಥ ಕಷ್ಟವೇನಲ್ಲ. ಕಿಟಕಿ ತೆರೆಯಿರಿ.

ಹೀಗೆಂದ ಕೂಡಲೇ ನಾಲ್ಕನೆಯ ಅಳತೆ ಬಂತು: ಆ ಕಿಟಕಿ ಯಾವ ದಿಕ್ಕಿಗಿದೆ? ಮಕ್ಕಳು ಶಾಲೆಯಿಂದ ಬಂದು ಆಡುವುದು ಸಂಜೆ ನಾಲ್ಕರಿಂದ ಆರರ ಒಳಗೆ. ಪಶ್ಚಿಮದ ಕಿಟಕಿಯಿದ್ದರೆ ಆ ಹೊತ್ತಿನಲ್ಲಿ ಬಿಸಿಲು ನೇರ ಒಳಗೆ ಬೀಳುತ್ತದೆ. ಇದು ಯಾಕೆ ಮುಖ್ಯ ಎಂಬುದು ಕಿನೆಕ್ಟ್ ವಿಚಾರ ಬಂದಾಗ ತಿಳಿಯುತ್ತದೆ.

ವೀ: ಹಳೆಯದು, ಆದರೂ ಅಜ್ಜಿಯರ ಪಾಲಿಗೆ ಇದೇ ಸರಿ

ವೀ ಬಂದದ್ದು 2006ರ ನವೆಂಬರಿನಲ್ಲಿ. ಹತ್ತು ಕೋಟಿಗೂ ಹೆಚ್ಚು ಮಾರಾಟವಾಯಿತು. ಅದರ ರಿಮೋಟಿನೊಳಗೆ ಮೂರು ದಿಕ್ಕಿನ ವೇಗದ ಏರುಪೇರನ್ನು ಅಳೆಯುವ ಒಂದು ಆಕ್ಸೆಲೆರೋಮೀಟರ್ ಚಿಪ್ ಇದೆ, ಮೂತಿಯಲ್ಲಿ ಒಂದು ಪುಟ್ಟ ಇನ್‌ಫ್ರಾರೆಡ್ ಕ್ಯಾಮೆರಾ ಇದೆ. ಟಿವಿಯ ಮೇಲೋ ಕೆಳಗೋ ಇಡುವ ಸೆನ್ಸರ್ ಬಾರ್ ಎಂಬ ಕಡ್ಡಿಗೆ ಹೆಸರು ಸೆನ್ಸರ್ ಎಂದಿದ್ದರೂ ಅದು ಏನನ್ನೂ ಗ್ರಹಿಸುವುದಿಲ್ಲ. ಅದರ ಎರಡೂ ತುದಿಗಳಲ್ಲಿ ಕಣ್ಣಿಗೆ ಕಾಣದ ಬೆಳಕಿನ ದೀಪಗಳಿವೆ, ಅಷ್ಟೇ. ರಿಮೋಟಿನ ಕ್ಯಾಮೆರಾ ಆ ಎರಡು ಬೆಳಕಿನ ಚುಕ್ಕೆಗಳನ್ನು ನೋಡಿ ತಾನು ಎತ್ತ ತಿರುಗಿದ್ದೇನೆ ಎಂದು ಲೆಕ್ಕ ಹಾಕುತ್ತದೆ.

ಆದ್ದರಿಂದಲೇ ದೀಪಾವಳಿಯ ದಿನ ಟಿವಿಯ ಪಕ್ಕದಲ್ಲಿ ಎಣ್ಣೆ ದೀಪ ಹಚ್ಚಿಟ್ಟರೆ ಪರದೆಯ ಮೇಲಿನ ಗುರುತು ದಿಕ್ಕೆಟ್ಟು ಅಲೆಯುತ್ತದೆ. ಜ್ವಾಲೆಯೂ ಅದೇ ಜಾತಿಯ ಬೆಳಕನ್ನು ಸೂಸುತ್ತದೆ. ಬಾರ್ ಕೆಟ್ಟು ಹೋದರೆ ಒಂದಷ್ಟು ದೂರದಲ್ಲಿ ಎರಡು ಮೇಣದ ಬತ್ತಿ ಹಚ್ಚಿಟ್ಟು ಕೆಲಸ ಸಾಗಿಸಬಹುದು ಎಂಬುದೂ ಇದೇ ಕಾರಣದಿಂದ ನಿಜ, ಆದರೆ ಮಕ್ಕಳು ಕೈ ಬೀಸುವ ಕಡೆ ಆ ಸಾಹಸ ಬೇಡ. ಟಿವಿಯ ಕೆಳಗೆ ನುಣುಪಾದ ಗ್ರಾನೈಟ್ ಹಲಗೆ ಇದ್ದರೂ ಇದೇ ತೊಂದರೆ, ಬಾರಿನ ಬೆಳಕು ಅದರಲ್ಲಿ ಪ್ರತಿಫಲಿಸಿ ಎರಡು ಚುಕ್ಕೆ ನಾಲ್ಕಾಗುತ್ತದೆ. ಒಂದು ಬಟ್ಟೆ ಹಾಸಿ, ಸರಿಹೋಗುತ್ತದೆ.

ಬಾರಿನಿಂದ 1 ಮೀಟರಿನಿಂದ 3 ಮೀಟರಿನವರೆಗಿನ ದೂರದಲ್ಲಿ ನಿಂತರೆ ಸಾಕು. ನಮ್ಮ ಆರೂವರೆ ಅಡಿ ಎಂದರೆ 2 ಮೀಟರ್, ಸುಖವಾಗಿ ಹಿಡಿಸುತ್ತದೆ.

ಇನ್ನು ಈ ಯಂತ್ರದ ಗುಟ್ಟು. ವೀ ಸ್ಪೋರ್ಟ್ಸ್ ಎಂಬ ಗೇಮ್‌ನ ಟೆನಿಸ್ ಆಡಲು ಪೂರ್ತಿ ತೋಳು ಬೀಸಬೇಕಾಗಿಲ್ಲ, ಮಣಿಕಟ್ಟನ್ನು ಚಿಮ್ಮಿಸಿದರೆ ಸಾಕು. ಚಿಪ್ಪಿಗೆ ತಿಳಿಯುವುದು ವೇಗ ಏರಿತು, ಇಳಿಯಿತು ಎಂಬುದು ಮಾತ್ರ. ಚುರುಕು ಮಕ್ಕಳು ಇದನ್ನು ಕಂಡುಹಿಡಿದು ಸೋಫಾದ ಮೇಲೆ ಮಲಗಿಕೊಂಡೇ ಗೆಲ್ಲುತ್ತಾರೆ. ವ್ಯಾಯಾಮವಾಗಲಿ ಎಂದು ಕೊಡಿಸಿದ ತಂದೆ ತಾಯಿಗೆ ಸಿಟ್ಟು ಬರುತ್ತದೆ. ನನಗೆ ಬರುವುದಿಲ್ಲ. ಮಂಡಿನೋವಿನ ನನ್ನ ಅಕ್ಕ ಬೆತ್ತದ ಕುರ್ಚಿಯಲ್ಲಿ ಕುಳಿತೇ ಬೌಲಿಂಗ್ ಆಡುತ್ತಾಳೆ, ಎದ್ದು ನಿಲ್ಲಬೇಕಾದ ಯಾವ ಯಂತ್ರವೂ ಅವಳಿಗೆ ಒಗ್ಗುವುದಿಲ್ಲ. ಹೊರದೇಶಗಳಲ್ಲಿ ವೃದ್ಧಾಶ್ರಮಗಳೂ ಫಿಸಿಯೋಥೆರಪಿಯವರೂ ವೀಯನ್ನು ಬಳಸಿದ್ದಕ್ಕೆ ಇದೂ ಒಂದು ಕಾರಣ.

2009ರಲ್ಲಿ ಮೋಷನ್ ಪ್ಲಸ್ ಎಂಬ ಸಣ್ಣ ತುಂಡು ಬಂತು. ರಿಮೋಟಿನ ಬಾಲಕ್ಕೆ ಸಿಕ್ಕಿಸಬೇಕು. ಅದರಲ್ಲಿ ಗೈರೋಸ್ಕೋಪ್ ಇದೆ, ತಿರುವನ್ನು ಅಳೆಯುತ್ತದೆ. ಅದಿದ್ದರೆ ಬೀಸು ಮಾತ್ರವಲ್ಲ, ಬ್ಯಾಟಿನ ಓರೆಯೂ ಗೊತ್ತಾಗುತ್ತದೆ. ಎರಡನೇ ಕೈಯದು ಕೊಳ್ಳುವಾಗ ಈ ತುಂಡು ಇದೆಯೇ ಎಂದು ಕೇಳಿ. ನಂತರದ ಕೆಲವು ರಿಮೋಟುಗಳಲ್ಲಿ ಅದು ಒಳಗೇ ಸೇರಿರುತ್ತದೆ.

ಬ್ಯಾಲೆನ್ಸ್ ಬೋರ್ಡ್ ಸಿಕ್ಕಿದರೆ ಬಿಡಬೇಡಿ. ಅದು ನಾಲ್ಕು ಮೂಲೆಗಳಲ್ಲಿ ಒತ್ತಡ ಅಳೆಯುವ ಸೆನ್ಸರುಗಳಿರುವ, 150 ಕಿಲೋ ತಡೆಯುವ ಹಲಗೆ. ಅದರ ಅಳತೆ ಸರಿಯಿದೆಯೇ ಎಂದು ನೋಡುವ ಬಗೆ ಹೀಗೆ: ವೀ ಫಿಟ್ ಎಂಬ ವ್ಯಾಯಾಮದ ಡಿಸ್ಕ್ ಹಾಕಿ ನೀವೊಬ್ಬರೇ ನಿಂತು ತೂಕ ನೋಡಿ. ಆಮೇಲೆ ಒಡೆಯದ 10 ಕಿಲೋ ಅಕ್ಕಿ ಚೀಲ ಎತ್ತಿಕೊಂಡು ನಿಲ್ಲಿ. ವ್ಯತ್ಯಾಸ 10ಕ್ಕೆ ಹತ್ತಿರವಿರಬೇಕು. ಚಾಪೆ, ಕಾರ್ಪೆಟ್ ಮೇಲೆ ಇಡಬೇಡಿ. ರೆಡ್ ಆಕ್ಸೈಡ್ ನೆಲವಾದರೂ ಸರಿ, ಟೈಲ್ಸ್ ಆದರೂ ಸರಿ, ನೆಲ ಗಟ್ಟಿಯಾಗಿರಬೇಕು.

ಕೊರತೆಗಳೂ ಇವೆ. ಚಿತ್ರ 480 ಗೆರೆಗಳದು, ಎಚ್‌ಡಿಎಂಐ ಇಲ್ಲ. ಹೊಸ ಟಿವಿಗಳಲ್ಲಿ ಹಳೆಯ ಮೂರು ಬಣ್ಣದ ಪಿನ್ನು ಹಾಕುವ ಜಾಗವೇ ಇಲ್ಲದಿರಬಹುದು, ಆಗ ಪರಿವರ್ತಕ ಬೇಕು. ಆನ್‌ಲೈನ್‌ನಲ್ಲಿ ಆಟ ಮಾರುತ್ತಿದ್ದ ಅದರ ಅಂಗಡಿ ಚಾನೆಲ್ 2019ರ ಜನವರಿ 30ರಂದು ಮುಚ್ಚಿತು, ಡಿಸ್ಕ್ ಮಾತ್ರವೇ ಗತಿ. ಆ ಡಿಸ್ಕುಗಳೂ ಪ್ರಾಂತ್ಯಕ್ಕೆ ಕಟ್ಟುಬಿದ್ದವು, ಅಮೆರಿಕದ ವೀಯಲ್ಲಿ ಯುರೋಪಿನ ಡಿಸ್ಕ್ ಓಡುವುದಿಲ್ಲ.

ಇದಕ್ಕಿಂತ ಮುಖ್ಯವಾದದ್ದು ವಿದ್ಯುತ್ತು. ಅಮೆರಿಕದಲ್ಲಿರುವ ಮಗನೋ ಸೋದರಳಿಯನೋ ಸೂಟ್‌ಕೇಸಿನಲ್ಲಿ ತಂದ ವೀಗಳು ಬೆಂಗಳೂರಿನ ಸಜ್ಜಾಗಳ ಮೇಲೆ ಬಹಳ ಇವೆ. ಅವುಗಳ ಅಡಾಪ್ಟರ್ 120 ವೋಲ್ಟಿನದು. ಪಿನ್ನು ಬದಲಿಸುವ ಎರಡು ಕಾಸಿನ ತುಂಡು ಹಾಕಿ ನಮ್ಮ 230 ವೋಲ್ಟಿಗೆ ಚುಚ್ಚಿದರೆ ಹೊಗೆ ಬರುತ್ತದೆ. ಅಡಾಪ್ಟರಿನ ಹೊಟ್ಟೆಯ ಮೇಲೆ ಬರೆದದ್ದನ್ನು ಓದಿ. 100ರಿಂದ 240 ಎಂದಿದ್ದರೆ ಸರಿ, ಬರೀ 120 ಎಂದಿದ್ದರೆ ಬೇರೆ ಅಡಾಪ್ಟರ್ ಕೊಳ್ಳಿ. ಅಮೆರಿಕದಿಂದ ತಂದ, ಮೈಕ್ರೋಸಾಫ್ಟಿನ ಗೇಮ್ ಯಂತ್ರ ಎಕ್ಸ್‌ಬಾಕ್ಸ್ 360ಕ್ಕೂ ಈ ಎಚ್ಚರಿಕೆ ಬೇಕು. ಸ್ವಿಚ್‌ನ ಅಡಾಪ್ಟರ್ ಮಾತ್ರ 100-240ರದು, ಎಲ್ಲಿಯದಾದರೂ ನಡೆಯುತ್ತದೆ.

ಕಿನೆಕ್ಟ್: ಜಾಗವಿದ್ದವರ ಸೊತ್ತು

ಕಿನೆಕ್ಟ್ ಹೊರಬಂದದ್ದು 2010ರ ನವೆಂಬರಿನಲ್ಲಿ, ಎಕ್ಸ್‌ಬಾಕ್ಸ್ 360ಕ್ಕೆ ಜೋಡಿಸುವ ಉಪಕರಣವಾಗಿ. ಮೊದಲ 60 ದಿನಗಳಲ್ಲಿ 80 ಲಕ್ಷ ಮಾರಾಟವಾಗಿ ಗಿನ್ನೆಸ್ ದಾಖಲೆ ಸೇರಿತು. ಕೈಯಲ್ಲಿ ಏನೂ ಹಿಡಿಯಬೇಕಾಗಿಲ್ಲ. ಅದು ಇಡೀ ಕೋಣೆಯ ಮೇಲೆ ಕಣ್ಣಿಗೆ ಕಾಣದ ಸಾವಿರಾರು ಇನ್‌ಫ್ರಾರೆಡ್ ಚುಕ್ಕೆಗಳನ್ನು ಎರಚುತ್ತದೆ. ಆ ಚುಕ್ಕೆಗಳು ಎಲ್ಲಿ ಎಷ್ಟು ಸರಿದಿವೆ ಎಂಬುದನ್ನು ನೋಡಿ ಯಾವುದು ಎಷ್ಟು ದೂರದಲ್ಲಿದೆ ಎಂದು ಲೆಕ್ಕ ಕಟ್ಟುತ್ತದೆ, ಆ ಲೆಕ್ಕದಿಂದ ನಿಮ್ಮ ಮೈಯ 20 ಕೀಲುಗಳನ್ನು ಗುರುತಿಸುತ್ತದೆ. ಇದರ ತಂತ್ರ ಇಸ್ರೇಲಿನ ಪ್ರೈಮ್‌ಸೆನ್ಸ್ ಕಂಪನಿಯದು. ಆ ಕಂಪನಿಯನ್ನು 2013ರಲ್ಲಿ ಆಪಲ್ ಕೊಂಡಿತು. ಐಫೋನ್ ಮುಖ ಗುರುತಿಸುವಾಗ ಚುಕ್ಕೆ ಎರಚುವುದೂ ಇದೇ ವಂಶದ ವಿದ್ಯೆ. ಅಳತೆಯ ಕೆಲಸ ಮಾಡಿದವನಿಗೆ ಇದನ್ನು ನೋಡಿದರೆ ಕೈ ಮುಗಿಯಬೇಕೆನಿಸುತ್ತದೆ.

ಕೈ ಮುಗಿದ ಮೇಲೆ ಟೇಪ್ ನೋಡಿ. ಒಬ್ಬರು ಆಡಲು 6 ಅಡಿ, ಇಬ್ಬರು ಆಡಲು 8 ಅಡಿ ದೂರ ಬೇಕು. ಹತ್ತಿರ ನಿಂತರೆ ನಿಮ್ಮ ಪಾದವೋ ತಲೆಯೋ ಅದರ ನೋಟದಿಂದ ಹೊರಗುಳಿಯುತ್ತದೆ. ನಮ್ಮ ಆರೂವರೆ ಅಡಿಯಲ್ಲಿ ಒಬ್ಬರು ಸೋಫಾಕ್ಕೆ ಮೀನಖಂಡ ಒತ್ತಿ ನಿಂತು ಹೇಗೋ ಆಡಬಹುದು. ಇಬ್ಬರು ಆಗುವುದಿಲ್ಲ. ಸೋಫಾವನ್ನು ಊಟದ ಕೋಣೆಗೆ ತಳ್ಳಲು ಮನೆಯವರು ಪ್ರತಿ ಸಂಜೆ ಒಪ್ಪುತ್ತಾರೆ ಎಂದು ನಿಮಗೆ ಅನಿಸಿದರೆ ಕೊಳ್ಳಿ.

ಬಿಸಿಲಿನಲ್ಲಿಯೂ ಇನ್‌ಫ್ರಾರೆಡ್ ಇದೆ, ಬೇಕಾದಷ್ಟಿದೆ. ಪಶ್ಚಿಮದ ಕಿಟಕಿಯಿಂದ ಬಂದ ಬಿಸಿಲು ನೆಲದ ಮೇಲೆ, ಆಡುವವರ ಮೈ ಮೇಲೆ ಬಿದ್ದರೆ ಕಿನೆಕ್ಟ್ ಎರಚಿದ ಚುಕ್ಕೆಗಳು ಅದರಲ್ಲಿ ಮುಳುಗಿಹೋಗುತ್ತವೆ. ದಪ್ಪ ಪರದೆ ಬೇಕು. 2013ರಲ್ಲಿ ಎಕ್ಸ್‌ಬಾಕ್ಸ್ ಒನ್ ಜೊತೆ ಬಂದ ಎರಡನೆಯ ಕಿನೆಕ್ಟ್ ಚುಕ್ಕೆಯ ಬದಲು ಬೆಳಕು ಹೋಗಿ ಬರುವ ಹೊತ್ತನ್ನೇ ಅಳೆಯುತ್ತದೆ, 25 ಕೀಲುಗಳನ್ನು ಗುರುತಿಸುತ್ತದೆ, ಬಿಸಿಲನ್ನು ತುಸು ಹೆಚ್ಚು ತಡೆಯುತ್ತದೆ.

ಉಡುಗೆಯೂ ಲೆಕ್ಕಕ್ಕೆ ಬರುತ್ತದೆ. ಪಂಚೆ ಉಟ್ಟವರ, ಸೀರೆ ಉಟ್ಟವರ ಮೊಣಕಾಲು ಎಲ್ಲಿದೆ ಎಂದು ಅದು ಊಹಿಸಬೇಕಷ್ಟೇ. ಪರದೆಯ ಮೇಲೆ ನಿಮ್ಮ ಗೊಂಬೆ ಸೊಟ್ಟಗಾಲು ಹಾಕಿದರೆ ಯಂತ್ರವನ್ನು ಬೈಯಬೇಡಿ, ಚೂಡಿದಾರ್ ಅಥವಾ ಪ್ಯಾಂಟ್ ಹಾಕಿ ಬನ್ನಿ. ಇನ್ನೊಂದು ತಾಪತ್ರಯವೆಂದರೆ ಅಡ್ಡ ಬರುವವರು. ಅಡುಗೆಮನೆಯಿಂದ ದೇವರಮನೆಗೆ ಹೋಗುವ ದಾರಿ ಹಾಲ್ ಮೂಲಕವೇ ಇರುವ ಮನೆಗಳಲ್ಲಿ ಕಿನೆಕ್ಟ್ ಆಗಾಗ ಆಟಗಾರನನ್ನು ಬಿಟ್ಟು ಹೂಬುಟ್ಟಿ ಹಿಡಿದು ಹೋಗುವವರ ಬೆನ್ನು ಹತ್ತುತ್ತದೆ.

ಕೊಳ್ಳುವವರು ಇಷ್ಟು ನೋಡಿಕೊಳ್ಳಿ. 2010ಕ್ಕಿಂತ ಹಿಂದಿನ ದಪ್ಪ 360ಕ್ಕೆ ಕಿನೆಕ್ಟ್ ಹಾಕಲು ಬೇರೆ ಪವರ್ ಅಡಾಪ್ಟರ್ ಬೇಕು, ಆನಂತರದ ತೆಳು 360ರಲ್ಲಿ ಅದಕ್ಕೆಂದೇ ಒಂದು ಪೋರ್ಟ್ ಇದೆ. 360ರ ಆನ್‌ಲೈನ್ ಅಂಗಡಿ 2024ರ ಜುಲೈ 29ರಂದು ಮುಚ್ಚಿತು. ಈಗಿನ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್, ಎಸ್ ಎರಡೂ ಕಿನೆಕ್ಟನ್ನು ಒಪ್ಪುವುದಿಲ್ಲ. ಇದಕ್ಕೆ ಮುಂದೆ ಹೊಸ ಆಟ ಬರುವುದಿಲ್ಲ ಎಂದು ತಿಳಿದೇ ಕೊಳ್ಳಬೇಕು. ಕುಣಿಯುವ ಆಸೆಯಿರುವ ಮಕ್ಕಳಿದ್ದು ಡ್ಯಾನ್ಸ್ ಸೆಂಟ್ರಲ್ ಡಿಸ್ಕ್ ಸಿಕ್ಕಿದರೆ ಅದೊಂದಕ್ಕಾದರೂ ಕೊಟ್ಟ ಹಣ ಸಾರ್ಥಕ, ಏಕೆಂದರೆ ಕಾಲು ಸರಿಯಾಗಿ ಹಾಕಿದಿರೋ ಇಲ್ಲವೋ ಎಂದು ನೋಡುವ ಯಂತ್ರ ಈ ಗುಂಪಿನಲ್ಲಿ ಇದೊಂದೇ. ಕೈಯಲ್ಲಿ ಹಿಡಿಯುವ ಕಂಟ್ರೋಲರ್‌ಗೆ ನಿಮ್ಮ ಕಾಲು ಕಾಣುವುದೇ ಇಲ್ಲ.

ಮೂವ್: ಕರಾರುವಾಕ್ಕು, ಆದರೆ ಒಂಟಿ

2010ರ ಸೆಪ್ಟೆಂಬರಿನಲ್ಲಿ ಸೋನಿಯ ಗೇಮ್ ಯಂತ್ರ ಪ್ಲೇಸ್ಟೇಷನ್ 3ಕ್ಕೆ, ಅಂದರೆ ಪಿಎಸ್3ಕ್ಕೆ ಬಂದ ಮೂವ್‌ನ ತಲೆಯ ಮೇಲೆ ಹೊಳೆಯುವ ಒಂದು ಗುಂಡು ಇದೆ. ಅದರ ಗಾತ್ರ ಯಂತ್ರಕ್ಕೆ ಮೊದಲೇ ಗೊತ್ತು. ಕ್ಯಾಮೆರಾದಲ್ಲಿ ಗುಂಡು ದೊಡ್ಡದಾಗಿ ಕಂಡರೆ ಹತ್ತಿರ, ಚಿಕ್ಕದಾಗಿ ಕಂಡರೆ ದೂರ. ಇದರ ಜೊತೆಗೆ ಆಕ್ಸೆಲೆರೋಮೀಟರ್, ಗೈರೋ, ದಿಕ್ಸೂಚಿಯಂಥ ಮ್ಯಾಗ್ನೆಟೋಮೀಟರ್ ಮೂರೂ ಒಳಗಿವೆ. ಅಳತೆಯ ದೃಷ್ಟಿಯಿಂದ ಆ ಕಾಲದ ಯಂತ್ರಗಳಲ್ಲಿ ನನ್ನ ಮೆಚ್ಚಿನದು ಇದು. ಟೇಬಲ್ ಟೆನಿಸ್‌ನಲ್ಲಿ ಬ್ಯಾಟನ್ನು ಕೂದಲೆಳೆಯಷ್ಟು ಓರೆ ಮಾಡಿದರೂ ತಿಳಿಯುತ್ತದೆ.

ಕೈಯನ್ನು ಬೆನ್ನ ಹಿಂದೆ ಒಯ್ದರೆ ಗುಂಡು ಮರೆಯಾಗಿ ಯಂತ್ರಕ್ಕೆ ಕೈ ತಪ್ಪುತ್ತದೆ, ಅದೊಂದು ತೊಂದರೆ. ದೊಡ್ಡ ತೊಂದರೆ ಬ್ಯಾಟರಿಯದು. ಒಳಗೇ ಇರುವ ಲಿಥಿಯಂ ಬ್ಯಾಟರಿ, ವರ್ಷಗಟ್ಟಲೆ ಪೆಟ್ಟಿಗೆಯಲ್ಲಿ ಮಲಗಿದ್ದರೆ ಸತ್ತೇ ಹೋಗುತ್ತದೆ. ಆಟಗಳ ಪಟ್ಟಿ ಚಿಕ್ಕದು. ಮನೆಯಲ್ಲಿ ಪಿಎಸ್3 ಆಗಲೇ ಇದ್ದರೆ ಕೊಳ್ಳಿ, ಇದಕ್ಕಾಗಿಯೇ ಪಿಎಸ್3 ಕೊಳ್ಳಬೇಡಿ.

ಸ್ವಿಚ್: ಈಗ ಕೊಳ್ಳುವವರಿಗೆ

2017ರ ಮಾರ್ಚ್ 3ರಂದು ಬಂದ ಸ್ವಿಚ್‌ನ ಜಾಯ್‌ಕಾನ್ ಎಂಬ ಪುಟ್ಟ ಕೈ ಕಂಟ್ರೋಲರ್‌ಗಳಿಗೆ ಟಿವಿಯ ಮೇಲಿನ ಬಾರೂ ಬೇಡ, ಕ್ಯಾಮೆರಾವೂ ಬೇಡ. ಆಕ್ಸೆಲೆರೋಮೀಟರ್, ಗೈರೋ ಎರಡರ ಮೇಲೆಯೇ ಎಲ್ಲ ನಡೆಯುತ್ತದೆ. ಬಿಸಿಲು, ದೀಪ, ಗ್ರಾನೈಟ್, ಪಂಚೆ, ಅಡ್ಡ ಹೋಗುವವರು ಯಾವುದರ ಗೊಡವೆಯೂ ಇಲ್ಲ. ನಮ್ಮ ಮನೆಗಳಿಗೆ ಇದಕ್ಕಿಂತ ಹೊಂದುವ ಯಂತ್ರ ಇಲ್ಲ ಎಂಬುದು ನನ್ನ ಅಭಿಪ್ರಾಯ.

ಅದಕ್ಕೆ ತೆರುವ ಬೆಲೆಯೂ ಇದೆ. ಗೈರೋ ಅಳೆಯುವುದು ತಿರುವಿನ ವೇಗವನ್ನು. ಆ ವೇಗವನ್ನು ಕ್ಷಣ ಕ್ಷಣಕ್ಕೂ ಕೂಡುತ್ತಾ ಹೋಗಿ ಈಗ ಎತ್ತ ತಿರುಗಿದೆ ಎಂದು ಹೇಳಬೇಕು. ಪ್ರತಿ ಅಳತೆಯ ಕೂದಲೆಳೆಯ ತಪ್ಪೂ ಜೊತೆಗೇ ಕೂಡುತ್ತಾ ಹೋಗುತ್ತದೆ, ದಿನಕ್ಕೆ ಒಂದು ಸೆಕೆಂಡು ಮುಂದೆ ಹೋಗುವ ಗೋಡೆ ಗಡಿಯಾರದ ಹಾಗೆ. ಸರಿಪಡಿಸಿಕೊಳ್ಳಲು ವೀಗೆ ಬಾರ್ ಇತ್ತು, ಮೂವ್‌ಗೆ ಗುಂಡು ಇತ್ತು. ಸ್ವಿಚ್‌ಗೆ ಹೊರಗಿನ ಗುರುತೇ ಇಲ್ಲ. ಹಾಗಾಗಿ ಆಡುತ್ತಾ ಆಡುತ್ತಾ ಗುರಿ ಪಕ್ಕಕ್ಕೆ ಸರಿಯುತ್ತದೆ, ಗುಂಡಿ ಒತ್ತಿ ಮತ್ತೆ ನಡುವಿಗೆ ತರಬೇಕು. ಇದು ಕೆಟ್ಟಿದೆ ಎಂದು ಅಂಗಡಿಗೆ ಓಡುವವರಿದ್ದಾರೆ. ಕೆಟ್ಟಿಲ್ಲ, ಅದರ ಜಾಯಮಾನವೇ ಅದು.

ನಿಜವಾಗಿ ಕೆಡುವುದು ಜಾಯ್‌ಕಾನ್ ಮೇಲೆ ಹೆಬ್ಬೆರಳಿನಿಂದ ಆಡಿಸುವ ಕಡ್ಡಿ. ಮುಟ್ಟದಿದ್ದರೂ ತಾನೇ ಒಂದು ಕಡೆಗೆ ಎಳೆಯುತ್ತದೆ. ಜಗತ್ತಿನಾದ್ಯಂತ ದೂರು ಕೇಳಿಬಂದ ದೋಷ ಇದು. ಸೆಟ್ಟಿಂಗ್ಸ್‌ನಲ್ಲಿ ಕಡ್ಡಿಯ ಪರೀಕ್ಷೆ ಇದೆ. ಎರಡನೇ ಕೈ ಜಾಯ್‌ಕಾನ್ ಕೊಳ್ಳುವವರು ಮಾತುಕತೆಗೆ ಮುಂಚೆ ಅದನ್ನು ತೆರೆದು ನೋಡಲಿ.

ನಿಂಟೆಂಡೊ ಸ್ವಿಚ್ ಸ್ಪೋರ್ಟ್ಸ್ 2022ರ ಏಪ್ರಿಲಿನಲ್ಲಿ ಬಂತು, ಅದರಲ್ಲಿ ಬ್ಯಾಡ್ಮಿಂಟನ್ ಇದೆ. ಪ್ರಕಾಶ್ ಪಡುಕೋಣೆಯವರು 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದ ಕಾಲದಿಂದಲೂ ಈ ಊರಿನಲ್ಲಿ ರಸ್ತೆಗೆ ನೆಟ್ ಕಟ್ಟಿ ಬ್ಯಾಡ್ಮಿಂಟನ್ ಆಡಿದವರಿದ್ದಾರೆ. ಅಂಥವರಿಗೆ ಇದರ ಡ್ರಾಪ್ ಶಾಟ್ ಮೊದಲು ನಗು ತರಿಸುತ್ತದೆ, ಆಮೇಲೆ ಹಟ ಹಿಡಿಸುತ್ತದೆ. ಕಾಲಿನ ಓಟವನ್ನು ಯಂತ್ರವೇ ನೋಡಿಕೊಳ್ಳುತ್ತದೆ, ನೀವು ಹೊತ್ತು ನೋಡಿ ಕೈ ಬೀಸಿದರೆ ಆಯಿತು. ಕ್ರಿಕೆಟ್ ಮಾತ್ರ ಇದರಲ್ಲಿ ಇಲ್ಲ.

ಬೆವರು ಬೇಕು ಎನ್ನುವವರಿಗೆ 2019ರ ರಿಂಗ್ ಫಿಟ್ ಅಡ್ವೆಂಚರ್. ಒಂದು ಬಳೆಯಂಥ ಉಪಕರಣವನ್ನು ಹಿಂಡಬೇಕು, ಎಳೆಯಬೇಕು. ಅದರೊಳಗೆ ಒತ್ತಡ ಅಳೆಯುವ ಸೆನ್ಸರ್ ಇದೆ. ಒಂದು ಜಾಯ್‌ಕಾನ್ ತೊಡೆಗೆ ಕಟ್ಟಿಕೊಳ್ಳಬೇಕು. ಕೆಳಗಿನ ಮನೆಯಲ್ಲಿ ಓನರ್ ಇರುವ ಬಾಡಿಗೆದಾರರಿಗೆ ನಾನು ಇದನ್ನೇ ಹೇಳುವುದು, ಏಕೆಂದರೆ ಇದರಲ್ಲಿ ಸದ್ದಿಲ್ಲದೆ ಆಡುವ ಬಗೆ ಇದೆ. ನಿಂತಲ್ಲೇ ಓಡುವ ಬದಲು ಮಂಡಿ ಬಗ್ಗಿಸಿ ಏಳಬಹುದು. ಧಡಧಡ ಎನ್ನುವುದಿಲ್ಲ, ತೊಡೆ ಮಾತ್ರ ಮರುದಿನ ಮಾತಾಡುತ್ತದೆ.

ಎರಡು ಎಚ್ಚರಿಕೆ. ಸ್ವಿಚ್ ಲೈಟ್ ಎಂಬುದರ ಕಂಟ್ರೋಲರ್ ಕಳಚುವುದಿಲ್ಲ, ಟಿವಿಗೂ ಹಾಕಲಾಗದು. ನಮ್ಮ ಕೆಲಸಕ್ಕೆ ಅದು ಅಲ್ಲ. 2025ರ ಜೂನಿನಲ್ಲಿ ಬಂದ ಸ್ವಿಚ್ 2ರ ಹೊಸ ಜಾಯ್‌ಕಾನ್ ರಿಂಗ್ ಫಿಟ್‌ನ ಬಳೆಗೆ ಹೊಂದುವುದಿಲ್ಲ, ಹಳೆಯ ಜಾಯ್‌ಕಾನ್ ಇಟ್ಟುಕೊಂಡಿರಬೇಕು.

ತಲೆಗೆ ಕಟ್ಟುವುದು

ಮೆಟಾ ಕ್ವೆಸ್ಟ್ 3 ಬಂದದ್ದು 2023ರಲ್ಲಿ, ಅಗ್ಗದ 3ಎಸ್ ಬಂದದ್ದು 2024ರಲ್ಲಿ. ಕರಾರುವಾಕ್ಕಿನಲ್ಲಿ ಇದರ ಮುಂದೆ ಮೇಲಿನ ಯಾವುದೂ ನಿಲ್ಲುವುದಿಲ್ಲ. ಆದರೆ 2 ಮೀಟರ್ ಉದ್ದ, 2 ಮೀಟರ್ ಅಗಲ ಖಾಲಿ ನೆಲ ಬೇಕು. ಟಿವಿ ಬೇಡವಾದ್ದರಿಂದ ಮಲಗುವ ಕೋಣೆಯೂ ಆಗಬಹುದು, ತಾರಸಿ ಆಗದು. ಬಿಸಿಲು ಅದರ ಮಸೂರದ ಮೇಲೆ ನೇರ ಬಿದ್ದರೆ ಒಳಗಿನ ಪರದೆ ಸುಟ್ಟುಹೋಗುತ್ತದೆ, ಕಿಟಕಿಯ ಬಳಿ ಮಸೂರ ಮೇಲಾಗಿ ಇಡಲೇಬಾರದು. 10 ವರ್ಷದೊಳಗಿನ ಮಕ್ಕಳಿಗೆ ಬೇಡ ಎಂದು ಕಂಪನಿಯೇ ಹೇಳುತ್ತದೆ. ಕ್ರಿಕೆಟ್ ಬೇಕೆನ್ನುವವರಿಗೆ ಹೈದರಾಬಾದಿನ ಪ್ರೊಯುಗ ಮಾಡಿದ ಐಬಿ ಕ್ರಿಕೆಟ್ ಇದೆ, ಚೆಂಡು ನಿಜವಾಗಿಯೂ ಮುಖಕ್ಕೆ ಬಂದಂತಾಗುತ್ತದೆ. ಒಬ್ಬರು ಆಡುವಾಗ ಮಿಕ್ಕವರು ಕುರುಡರ ಕುಣಿತ ನೋಡಬೇಕು. ಹಬ್ಬಕ್ಕೆ ಮನೆ ತುಂಬ ಜನ ಸೇರಿದಾಗ ಆಡಲು ಕೊಳ್ಳುವವರು ಇದನ್ನು ಬಿಟ್ಟುಬಿಡಿ.

ಅಂಗಡಿಯಲ್ಲಿ

ಮೆಜೆಸ್ಟಿಕ್ ಬಳಿಯ ನ್ಯಾಷನಲ್ ಮಾರ್ಕೆಟ್ ಇರಲಿ, ಎಸ್‌ಪಿ ರೋಡ್ ಇರಲಿ, ಆನ್‌ಲೈನ್‌ನಲ್ಲಿ ಕಂಡ ಯಾರದೋ ಮನೆಯಿರಲಿ, ಈ ಪರೀಕ್ಷೆಗಳನ್ನು ಮಾಡದೆ ಹಣ ಎಣಿಸಬೇಡಿ.

ಮೊದಲು ಮಣಿಕಟ್ಟಿನ ಪರೀಕ್ಷೆ. ಕುಳಿತುಕೊಂಡು ಮಣಿಕಟ್ಟು ಮಾತ್ರ ಚಿಮ್ಮಿಸಿ ಆಡಿ. ಯಂತ್ರ ಅದನ್ನು ಪೂರ್ತಿ ಹೊಡೆತವೆಂದು ಒಪ್ಪಿದರೆ ವಯಸ್ಸಾದವರಿಗೆ ಒಳ್ಳೆಯದು, ಮಕ್ಕಳ ಬೊಜ್ಜು ಇಳಿಸಲು ಕೆಲಸಕ್ಕೆ ಬಾರದು. ಆಮೇಲೆ ನಿಧಾನದ ಪರೀಕ್ಷೆ. ಕೈಯನ್ನು ಆದಷ್ಟು ಮೆಲ್ಲಗೆ ವೃತ್ತಾಕಾರದಲ್ಲಿ ತಿರುಗಿಸಿ. ರಭಸವಾಗಿ ಬೀಸಿದಾಗ ಎಲ್ಲ ಯಂತ್ರಗಳೂ ಜಾಣರಂತೆ ಕಾಣುತ್ತವೆ, ನಿಧಾನದಲ್ಲಿ ಬಣ್ಣ ಬಯಲಾಗುತ್ತದೆ. ಮೂರನೆಯದು ಹೊತ್ತಿನ ಪರೀಕ್ಷೆ. ಬೌಲಿಂಗ್‌ನಲ್ಲಿ ನೀವು ಕೈ ಬಿಟ್ಟ ಕ್ಷಣಕ್ಕೂ ಪರದೆಯಲ್ಲಿ ಚೆಂಡು ಬಿಟ್ಟ ಕ್ಷಣಕ್ಕೂ ಅಂತರ ಕಂಡರೆ ದೋಷ ಹೆಚ್ಚಾಗಿ ಟಿವಿಯದು. ಟಿವಿಯ ಮೆನುವಿನಲ್ಲಿ ಗೇಮ್ ಮೋಡ್ ಹುಡುಕಿ ಹಾಕಿ ಮತ್ತೆ ನೋಡಿ.

ವೀ ಬಾರ್ ಉರಿಯುತ್ತಿದೆಯೇ ಎಂದು ಬರಿಗಣ್ಣಿಗೆ ತಿಳಿಯದು. ಮೊಬೈಲಿನ ಮುಂದಿನ ಕ್ಯಾಮೆರಾದಲ್ಲಿ ನೋಡಿ, ಎರಡೂ ತುದಿಯಲ್ಲಿ ನೇರಳೆ ಛಾಯೆಯ ಚುಕ್ಕೆಗಳು ಕಾಣಬೇಕು. ರಿಮೋಟಿನ ಸೆಲ್ ಹಾಕುವ ಜಾಗದ ಮುಚ್ಚಳ ತೆಗೆದು ಬಿಳಿ ಪುಡಿ ಕಟ್ಟಿದೆಯೇ ನೋಡಿ, ಕಟ್ಟಿದ್ದರೆ ಹಳೆಯ ಸೆಲ್ ಸೋರಿದೆ. ಮಣಿಕಟ್ಟಿನ ದಾರ ಇದೆಯೇ, ದಪ್ಪದ್ದೇ ಎಂದೂ ನೋಡಿ. ಮೊದಲ ತೆಳು ದಾರಗಳು ಕಿತ್ತು ರಿಮೋಟ್ ಹಾರಿಹೋಗುತ್ತಿದ್ದುದರಿಂದ 2006ರ ಡಿಸೆಂಬರಿನಲ್ಲಿ ನಿಂಟೆಂಡೊ ಸುಮಾರು 32 ಲಕ್ಷ ದಾರಗಳನ್ನು ಬದಲಿಸಿಕೊಡಲು ಮುಂದಾಯಿತು. ಹಳೆಯ ಡಬ್ಬಿ ಟಿವಿಯ ಗಾಜು ಅಂಥ ಏಟು ತಡೆಯುತ್ತಿತ್ತು, ಈಗಿನ ಹಾಳೆಯಂಥ ಟಿವಿ ತಡೆಯುವುದಿಲ್ಲ. ಯಾವ ಯಂತ್ರವಾದರೂ ದಾರ ಕಟ್ಟದ ಕೈಗೆ ಕಂಟ್ರೋಲರ್ ಕೊಡಬೇಡಿ, ಅತಿಥಿಗಳ ಮಕ್ಕಳಿಗಂತೂ ಮೊದಲು ದಾರ, ಆಮೇಲೆ ಆಟ.

ಆಮದಾದ ಹೊಸ ಯಂತ್ರವಾದರೆ ಕೆಟ್ಟಾಗ ಯಾರ ಬಳಿ ತರಬೇಕು ಎಂದು ಅಂಗಡಿಯವರನ್ನು ಕೇಳಿ. ಉತ್ತರ ಬಿಲ್ಲಿನ ಮೇಲೆ ಬರೆದುಕೊಡಲಿ, ಸೀರಿಯಲ್ ನಂಬರಿನ ಜೊತೆ. ಯಂತ್ರವನ್ನು ಹಾಕಿ ತೋರಿಸಲು ತಮ್ಮಲ್ಲಿ ಟಿವಿ ಇಲ್ಲ ಎನ್ನುವ ಅಂಗಡಿಯಿಂದ ಪಕ್ಕದ ಅಂಗಡಿಗೆ ನಡೆಯಿರಿ.

ಮನೆಗೆ ತಂದ ಮೇಲೆ ಮಕ್ಕಳ ಶಾಲೆಯ ಪರೀಕ್ಷೆಯ ಕಾಲ ಬಂದೇ ಬರುತ್ತದೆ, ಯಂತ್ರ ಸಜ್ಜಾ ಹತ್ತುತ್ತದೆ. ಹತ್ತಿಸುವ ಮುನ್ನ ವೀ ರಿಮೋಟುಗಳ ಸೆಲ್ ತೆಗೆದಿಡಿ. ಮೂವ್, ಜಾಯ್‌ಕಾನ್, ಕ್ವೆಸ್ಟ್ ಇದ್ದರೆ ಅರ್ಧ ಚಾರ್ಜ್ ಮಾಡಿ ಇಡಿ, ಮೂರು ನಾಲ್ಕು ತಿಂಗಳಿಗೊಮ್ಮೆ ಇಳಿಸಿ ಚಾರ್ಜ್ ಮಾಡಿ. ಅಡಾಪ್ಟರನ್ನು ಅದೇ ಚೀಲದಲ್ಲಿ ಹಾಕಿ, ಯಾವುದರದು ಎಂದು ಚೀಟಿ ಅಂಟಿಸಿ.